ಡಬ್ಬಿಗಳ ಸೋಮವಾರ

ಮನಿಷಾಳ ಡಬ್ಬಿಗಳಿಗೆ ಮಾತಾಡಲು ಬರುತ್ತಿತ್ತು. ಅದೇನು ದೊಡ್ಡ ಸಂಗತಿಯಲ್ಲ. ಎರಡು ಸಾವಿರದ ನಾಲ್ಕನೆಯ ಇಸವಿ ಅದು. ಬೆಳಗಾವಿಯಲ್ಲಿ ಹೊಸದಾಗಿ ಮೊಬೈಲು ಕೊಂಡ ಯಾರಿಗೂ ಆಗ ಬಾಯಿ ನಿಲ್ಲುತ್ತಿರಲಿಲ್ಲ. ಅವಳ ಡಬ್ಬಿಗಳ ಹೆಚ್ಚುಗಾರಿಕೆ ಎಂದರೆ, ಅವುಗಳಿಗೆ ಸುಮ್ಮನಿರಲೂ ಬರುತ್ತಿತ್ತು.

ರವಿವಾರ ಪೇಟೆಯ ಸಗಟು ಅಂಗಡಿಯಲ್ಲಿ ಆರಿಸಿ ತಂದ ಸಾಬೂನಿನ ಡಬ್ಬಿಗಳವು. ಗುಲಾಬಿ, ತಿಳಿನೀಲಿ, ಹಸಿರು. ಅಷ್ಟೊಂದು ಒಮ್ಮೆಲೇ ಕೇಳಿದಾಗ ಅಂಗಡಿಯವನು, “ಮನ್ಯಾಗ ಜಳಕಾ ಮಾಡೂ ಮಂದಿ ಭಾಳ ಅದಾರೇನ್ರಿ ಅಕ್ಕಾರ?” ಎಂದಿದ್ದ. “ಹೂಂರಿ, ಪಾಳಿ ಹಚ್ಚೇವಿ” ಎಂದು ಹೇಳಿ ಬಂದಿದ್ದಳು.

ಪ್ರತಿ ಡಬ್ಬಿಯೊಳಗೆ ಗಾಳಿಯ ತೇವ ಅಳೆಯುವ ಒಂದು ಚೂರು, ಬೆರಳುದ್ದದ ರೇಡಿಯೋ, ಎರಡು ಬ್ಯಾಟರಿ ಶೆಲ್ಲು. ಒಂದು ಡಬ್ಬಿ ತಾನು ಅಳೆದದ್ದನ್ನು ಪಕ್ಕದ ಡಬ್ಬಿಗೆ ಹೇಳುತ್ತದೆ, ಅದು ಅದರಾಚೆಯದಕ್ಕೆ, ಹೀಗೆ ಕಿವಿಯಿಂದ ಕಿವಿಗೆ ದಾಟಿ ಸುದ್ದಿ ಕಡೆಗೆ ಒಂದು ಕಂಪ್ಯೂಟರನ್ನು ತಲುಪುತ್ತದೆ. ತಂತಿಯಿಲ್ಲ. ತೊಂದರೆ ಒಂದೇ. ಮಾತಾಡಿದಷ್ಟೂ ಶೆಲ್ಲು ತೀರುತ್ತದೆ. ಪದೇ ಪದೇ ಮಾತಾಡಿದರೆ ಸುದ್ದಿ ತಾಜಾ, ಆಯುಷ್ಯ ಕಡಿಮೆ. ಅಪರೂಪಕ್ಕೆ ಮಾತಾಡಿದರೆ ಆಯುಷ್ಯ ಹೆಚ್ಚು, ಸುದ್ದಿ ಹಳಸಲು. ಎಷ್ಟು ಹೊತ್ತು ಮಲಗಬೇಕು, ಯಾವಾಗ ಏಳಬೇಕು, ಎದ್ದಾಗ ಎಷ್ಟು ಮಾತಾಡಬೇಕು: ಇದೇ ಅವಳ ಎಂ.ಟೆಕ್. ಪ್ರಬಂಧ.

ಅತ್ತೆ ಕಾಶವ್ವ ಇದನ್ನೆಲ್ಲ ಒಮ್ಮೆ ಪೂರ್ತಿ ಕೇಳಿಸಿಕೊಂಡು, “ಇಷ್ಟ ಕಲ್ಯಾಕ ಕಾಲೇಜಿಗೆ ಹೋಗಬೇಕೇನವಾ?” ಎಂದಿದ್ದಳು. “ಎಷ್ಟ ಮಾತಾಡಬೇಕು, ಯಾವಾಗ ಬಾಯಿ ಮುಚ್ಚಬೇಕು ಅನ್ನೂದನ್ನ ನಮ್ಮವ್ವ ನನಗ ಲಗ್ನದ ಹಿಂದಿನ ದಿನಾನ ಹೇಳಿಕೊಟ್ಟಿದ್ಲು.”

“ನೀವು ಕಲ್ತ್ರೇನ್ರಿ ಅತ್ತಿ?”

“ನಾ ನಪಾಸಾದೆ.”

ಸದಾಶಿವನಗರದ ಆ ಮನೆಯಲ್ಲಿ ಅವರಿಬ್ಬರೇ. ಮನಿಷಾಳ ಗಂಡ ತೀರಿಕೊಂಡು ಎರಡನೆಯ ವರ್ಷ ನಡೆದಿತ್ತು. ಆ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಮನಿಷಾ ಬೆಳಿಗ್ಗೆ ಕಾಲೇಜಿಗೆ ಹೋಗಿ ಪಾಠ ಮಾಡಿ, ಸಂಜೆ ಪ್ರಯೋಗಾಲಯದಲ್ಲಿ ಕೂತು, ರವಿವಾರವೂ ಒಂದು ನೆಪ ಹುಡುಕಿ ಹೋಗಿಬರುತ್ತಿದ್ದಳು. ನೌಕರಿ ಹಂಗಾಮಿಯದು. ಎಂ.ಟೆಕ್. ಆದರೆ ಕಾಯಂ. ಎಂ.ಟೆಕ್. ಆಗಬೇಕಾದರೆ ಡಬ್ಬಿಗಳು ಪ್ರಯೋಗಾಲಯದ ಮೇಜಿನ ಮೇಲಲ್ಲ, ನಿಜವಾದ ಒಂದು ಜಾಗದಲ್ಲಿ, ನಿಜವಾದ ಒಂದು ಕೆಲಸಕ್ಕೆ, ಮಳೆಗಾಲದವರೆಗೆ ಶೆಲ್ಲು ಬದಲಿಸದೆ ದುಡಿದು ತೋರಿಸಬೇಕು.

ಜಾಗ ಕೊಡಿಸಿದವರು ಅವಳ ಮಾರ್ಗದರ್ಶಕರಾದ ಚನ್ನಬಸಯ್ಯ ಸರ್. ಖಾನಾಪುರದ ಹೊರವಲಯದಲ್ಲಿ ಅವರ ಗೆಳೆಯ ಬಾಳಾಸಾಹೇಬರದೊಂದು ಹಂಚಿನ ಕಾರ್ಖಾನೆ ಇತ್ತು. ಹಸಿ ಹಂಚನ್ನು ಅಚ್ಚಿನಿಂದ ತೆಗೆದು, ಭಟ್ಟಿಗೆ ಹಾಕುವ ಮೊದಲು, ನೆರಳಿನ ಶೆಡ್ಡಿನಲ್ಲಿ ಹಲಗೆಗಳ ಮೇಲೆ ದಿನಗಟ್ಟಲೆ ಆರಿಸುತ್ತಾರೆ. ಎಲ್ಲ ಕಡೆ ಒಂದೇ ಸಮ ಆರಬೇಕು. ಒಂದು ಅಂಚು ಅವಸರ ಮಾಡಿತೋ, ಕಣ್ಣಿಗೆ ಕಾಣದ ಕೂದಲೆಳೆಯ ಸೀಳು ಬಿಟ್ಟು, ಬೆಂಕಿಯೊಳಗೆ ಹೋದ ಮೇಲೆ ತನ್ನ ಗುಣ ತೋರಿಸುತ್ತದೆ. ಮಾಘ ಮಾಸದಲ್ಲಿ ಒಣ ಮೂಡಗಾಳಿ ಎದ್ದರೆ ಮೂಡಲ ಗೋಡೆಯ ಪಕ್ಕದ ಸಾಲುಗಳು ಹಾಗೆ ಅವಸರ ಮಾಡುತ್ತವೆ. ಆಗ ಗೋಣಿತಟ್ಟಿನ ಪರದೆ ಇಳಿಬಿಡಬೇಕು. ಶೆಡ್ಡಿನಲ್ಲಿ ಏಳು ಸಾಲು ಹಲಗೆ; ಸಾಲುಸಾಲಿಗೂ ಮನಿಷಾಳ ಡಬ್ಬಿ. ಗಾಳಿ ಒಣಗಿದರೆ ಡಬ್ಬಿ ಹೇಳುತ್ತದೆ, ಆಫೀಸಿನ ಕಂಪ್ಯೂಟರು ಕಿರುಚುತ್ತದೆ, ಆಳುಗಳ ಮೇಲಿನ ಮುಕಾದಮ ಭರಮಪ್ಪ ಓಡಿಹೋಗಿ ಪರದೆ ಬಿಡುತ್ತಾನೆ.

ಭರಮಪ್ಪ ಕುರಿ ಕಾಯುವ ಮನೆತನದಲ್ಲಿ ಹುಟ್ಟಿ ಹಂಚು ಕಾಯುವ ಕೆಲಸಕ್ಕೆ ಬಂದವನು. ಡಬ್ಬಿ ಕಟ್ಟಿದ ದಿನ ಅವನು ಒಂದೊಂದನ್ನೂ ಕಿವಿಗೆ ಹಿಡಿದು ನೋಡಿದ್ದ.

“ಹಗಲೂ ರಾತ್ರೀನೂ ದುಡೀತಾವೇನ್ರಿ ಅಕ್ಕೋರ?”

“ಹೂಂ. ನಡುನಡುವ ಮಲಗ್ತಾವ.”

“ಎಷ್ಟೊತ್ತ?”

“ಐದ ನಿಮಿಷ ಮಲಗಿ, ಎದ್ದು ಒಂದ ಮಾತ ಹೇಳಿ, ಮತ್ತ ಮಲಗ್ತಾವ.”

ಭರಮಪ್ಪನಿಗೆ ಅದು ಸೇರಲಿಲ್ಲ. “ಐದ ನಿಮಿಷದ್ದು ನಿದ್ದಿ ಅಲ್ಲರಿ ಅದು. ಹಸಗೂಸಿನ ತಾಯಿ ಮಲಗಿದಂಗಾತು.”

ಹಂಚು ಹೊರುತ್ತಿದ್ದ ಸಾತವ್ವ ತಲೆಯ ಸಿಂಬಿ ತೆಗೆಯದೆ ನಿಂತು, ಆಫೀಸಿನ ಬಾಗಿಲ ಮೇಲಿನ ಡಬ್ಬಿ ತೋರಿಸಿ ಕೇಳಿದ್ದಳು. “ಇದ್ಯಾಕ ಒಂಟಿ ಕುಂತೈತಿ?”

“ಎಲ್ಲಾರ ಮಾತೂ ಇದರ ಕೈಯಾಗ ಹಾದು ಕಂಪ್ಯೂಟರಿಗೆ ಹೋಗ್ತಾವ. ಅದಕ್ಕ ಇದರ ಶೆಲ್ಲು ಎಲ್ಲಾಕಿಂತ ಮೊದಲ ತೀರ್ತದ.”

“ಹಿರೀ ಸೊಸಿ ಅನ್ರಿ ಹಂಗಾರ” ಎಂದು ಸಾತವ್ವ ಮುಂದೆ ಹೋಗಿದ್ದಳು. ಮನಿಷಾ ಆ ಹಿರಿ ಸೊಸೆಗೆ ಮಾತ್ರ ಬಾಳಾಸಾಹೇಬರ ಜೀಪಿನ ಹಳೆ ಬ್ಯಾಟರಿ ಕಟ್ಟಿಸಿದಳು.

ದಸರೆ ಕಳೆದು, ದೀಪಾವಳಿ ಕಳೆದು, ಸಂಕ್ರಮಣ ಬಂತು. ಪ್ರತಿ ಶನಿವಾರ ಖಾನಾಪುರದ ಬಸ್ಸು ಹತ್ತಿ ಹೋಗಿ ಮನಿಷಾ ಫೈಲು ತುಂಬಿದ ಫ್ಲಾಪಿ ತರುತ್ತಿದ್ದಳು. ಡಬ್ಬಿಗಳು ಚೆನ್ನಾಗಿದ್ದವು. ಎಷ್ಟು ಚೆನ್ನಾಗಿದ್ದವೆಂದರೆ, ಅವಳ ಲೆಕ್ಕದ ಪ್ರಕಾರ ಶೆಲ್ಲುಗಳು ಎಷ್ಟು ಸೊರಗಬೇಕಿತ್ತೋ ಅಷ್ಟು ಸೊರಗಿರಲಿಲ್ಲ. ಚನ್ನಬಸಯ್ಯ ಸರ್ ಅಂಕಿಗಳನ್ನು ತಿರುತಿರುಗಿ ನೋಡಿ, “ಶೆಲ್ಲಿಗೆ ತುಪ್ಪಾ ಕುಡಸಾಕತ್ತೀಯೇನವಾ?” ಎಂದರು. ಆಮೇಲೆ ಹಿಗ್ಗಿದರು. ಹಿಗ್ಗು ತಡೆಯಲಾರದೆ, ಬೆಳಗಾವಿಯಲ್ಲೇ ನಡೆಯಲಿದ್ದ ಒಂದು ವಿಚಾರ ಸಂಕಿರಣಕ್ಕೆ ಇಬ್ಬರ ಹೆಸರಿನಲ್ಲೂ ಲೇಖನ ಕಳಿಸಿದರು. ಲೆಕ್ಕವನ್ನೇ ಮೀರಿಸಿದ ಬಾಳಿಕೆ ಎಂಬುದು ಅದರ ತಲೆಬರಹದಲ್ಲೇ ಇತ್ತು.

ಫೈಲಿನಲ್ಲಿ ಸೋಮವಾರಗಳು ಮಾತ್ರ ಖಾಲಿ ಇರುತ್ತಿದ್ದವು. ಅದು ಇಬ್ಬರಿಗೂ ಗೊತ್ತಿತ್ತು. ಬೆಳಗಾವಿಯ ಫೌಂಡ್ರಿಗಳಿಗೆ ಆಗ ವಾರಕ್ಕೊಂದು ದಿನ ಕರೆಂಟು ಇರುತ್ತಿರಲಿಲ್ಲ. ಖಾನಾಪುರಕ್ಕೆ ಸೋಮವಾರದ ಪಾಳಿ ಇರಬೇಕು, ಕಂಪ್ಯೂಟರು ಬಂದ್ ಆಗಿರುತ್ತದೆ, ಡಬ್ಬಿಗಳು ಪಾಪ ಕೇಳುವವರಿಲ್ಲದೆ ಮಾತಾಡುತ್ತಿರುತ್ತವೆ ಎಂದುಕೊಂಡಿದ್ದರು. ಹೇಳುವವರು ಸುಮ್ಮನಾದರೂ ಕೇಳುವವರು ಇಲ್ಲದಿದ್ದರೂ ಫೈಲಿನಲ್ಲಿ ಒಂದೇ ಥರ ಕಾಣುತ್ತದೆ. ಇಷ್ಟು ಓದಿದ ಇಬ್ಬರಲ್ಲಿ ಒಬ್ಬರೂ ಫೋನು ಎತ್ತಿ, “ಸೋಮವಾರ ಅಲ್ಲಿ ಕರೆಂಟ್ ಇರ್ತದೇನ್ರಿ?” ಎಂದು ಕೇಳಲಿಲ್ಲ. ಸೋಮವಾರ ಮನಿಷಾಳಿಗೆ ಇಡೀ ದಿನ ಪ್ರಾಯೋಗಿಕ ತರಗತಿ. ಅವಳು ಆ ದಿನ ಖಾನಾಪುರ ನೋಡಿದವಳೇ ಅಲ್ಲ.

ಸಂಕಿರಣ ಶುಕ್ರವಾರವಿತ್ತು. ಅದರ ಹಿಂದಿನ ರವಿವಾರ ಮನೆಗೆ ಬಾಳಾಸಾಹೇಬರ ಫೋನು ಬಂತು.

“ಮ್ಯಾಡಮ್, ನಿಮ್ಮ ಡಬ್ಬಿ ಗಂಟ ಕಟ್ಟಿ ಒಯ್ರಿ.”

“ಏನಾತ್ರಿ ಸಾಹೇಬರ?”

“ಏನಾಗೂದು ಉಳದೈತಿ? ಭಟ್ಟಿ ಬಿಚ್ಚಿದ್ರ ಮೂಡಲ ಕಡಿ ಎರಡ ಸಾಲ ಹಂಚ ಹಪ್ಪಳ ಮುರದಂಗ ಮುರೀಲಿಕ್ಕತ್ತಾವು. ಹ್ವಾದ ಸೋಮವಾರ ಗಾಳಿ ಬಿಟ್ಟಿತ್ತು. ನಿಮ್ಮ ಕಂಪ್ಯೂಟರ್ ಒಂದ ಸಲ ಕಿಂವ್ ಅನಲಿಲ್ಲ. ಖುದ್ದ ನಾನ ಬಾಜೂಕ ಕುಂತಿದ್ದೆ.”

ಮನಿಷಾಳ ಕಿವಿ ಕಡೆಯ ಮಾತಿನಲ್ಲಿ ಸಿಕ್ಕಿಕೊಂಡಿತು. ಬಾಜೂಕ ಕುಂತಿದ್ದೆ. ಕಂಪ್ಯೂಟರು ಚಾಲೂ ಇತ್ತೇ? ಕೇಳುವ ಮೊದಲೇ ಅವರು ಫೋನು ಇಟ್ಟಿದ್ದರು.

ಮರುದಿನಕ್ಕೆ ಅವಳು ರಜೆ ಹಾಕಿದಳು. ಕಾಶವ್ವ ಒಲೆಯ ಮುಂದಿನಿಂದ ಎದ್ದು ಬಂದು ಅವಳ ಹಣೆ ಮುಟ್ಟಿ ನೋಡಿದಳು. “ಜ್ವರಾ ಇಲ್ಲ. ಮತ್ತ ರಜಾ ಯಾಕ ಹಾಕ್ದಿ?”

“ಡಬ್ಬಿ ತರಾಕ ಹೊಂಟೇನ್ರಿ.”

“ತಾ. ಮನ್ಯಾಗ ಸಾಬಾನ ಇಡಾಕ ಡಬ್ಬಿ ಇಲ್ಲ.”

ಕಾರ್ಖಾನೆಯ ಆಫೀಸಿಗೆ ಕಾಲಿಟ್ಟಾಗ ಮನಿಷಾ ಮೊದಲು ನೋಡಿದ್ದು ತಲೆಯ ಮೇಲೆ ತಿರುಗುತ್ತಿದ್ದ ಪಂಖಾ. ಸೋಮವಾರ. ಪಂಖಾ ತಿರುಗುತ್ತಿತ್ತು. ಕಂಪ್ಯೂಟರೂ ಚಾಲೂ ಇತ್ತು, ತೆರೆಯ ಮೇಲೆ ಬೆಳಗಿನಿಂದ ಒಂದು ಸಾಲೂ ಬಂದಿರಲಿಲ್ಲ. ಅವಳು ಶೆಡ್ಡಿಗೆ ಹೋದಳು.

ಮೊದಲ ಸಾಲಿನ ಗುಲಾಬಿ ಡಬ್ಬಿಯ ಹಣೆಗೆ ಮೂರು ಬೆರಳಿನ ವಿಭೂತಿ. ಶನಿವಾರಗಳಲ್ಲಿ ಬಂದಾಗ ಆ ಬಿಳಿ ಗುರುತು ಮಾಸಲಾಗಿ ಕಂಡು, ಹಂಚಿನ ಮಣ್ಣಿನ ಧೂಳೆಂದು ಅವಳೇ ಸೆರಗಿನಿಂದ ಎಷ್ಟೋ ಸಲ ಒರೆಸಿದ್ದಳು. ಪಕ್ಕದಲ್ಲಿ ಸಾಗಾಟದ ಅನುಕೂಲಕ್ಕೆಂದು ತಾನೇ ಇಟ್ಟ, ಡಬ್ಬಿಯನ್ನು ಬಂದ್ ಮಾಡುವ ಸಣ್ಣ ಗುಂಡಿ. ಕೆಳಗಿತ್ತು. ಎರಡನೆಯ ಡಬ್ಬಿ, ಕೆಳಗೆ. ಮೂರನೆಯದೂ. ಏಳೂ ಸಾಲು, ಒಂದೂ ಬಿಡದೆ, ವಿಭೂತಿ ಹಚ್ಚಿಕೊಂಡು ನಿದ್ದೆ ಹೊಡೆಯುತ್ತಿದ್ದವು.

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಲೆಕ್ಕ ಬಂತು. ವಾರಕ್ಕೆ ಏಳು ದಿನ. ಏಳರಲ್ಲಿ ಒಂದು. ಶೆಲ್ಲುಗಳು ಎಷ್ಟು ಹೆಚ್ಚು ಬಾಳಿದ್ದವೋ ಅದು ಸರಿಯಾಗಿ ಅಷ್ಟೇ. ತುಪ್ಪ ಕುಡಿಸಿದವರು ಯಾರು ಎಂಬುದು ಗೊತ್ತಾಯಿತು.

“ಅಯ್ಯ, ಅಕ್ಕೋರು ಇವತ್ತ ಬಂದೀರಿ?” ಭರಮಪ್ಪ ಟವೆಲ್ಲಿನಿಂದ ಬಾಯಿ ಒರೆಸಿಕೊಳ್ಳುತ್ತ ಬಂದ. “ಇವತ್ತ ಅವು ಏನೂ ಹೇಳೂದಿಲ್ಲರಿ. ಸೂಟಿ.”

“ಯಾರ ಕೊಟ್ರು ಸೂಟಿ?”

“ನಾನರಿ. ಬಸವಣ್ಣನ ವಾರಲ್ರಿ? ಎತ್ತಿನ ಕೊಳ್ಳಿಗೆ ಸೋಮವಾರ ನೊಗಾ ಇಡೂದಿಲ್ಲ. ಹಂತಾದ್ರಾಗ ಇವು ಹಗಲೂ ರಾತ್ರಿ ದುಡ್ಯೂ ಜೀವಾ.”

“ನನಗ್ಯಾಕ ಹೇಳಲಿಲ್ಲ?”

ಭರಮಪ್ಪನಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. “ಎತ್ತಿಗೆ ಸೋಮವಾರ ಬಿಟ್ಟೇವಿ ಅಂತ ಯಾರರೆ ಹೇಳ್ಕೋತ ಅಡ್ಡಾಡ್ತಾರೇನ್ರಿ? ಅವತ್ತ ಡಬ್ಬಿ ಬದ್ಲಿ ನಾ ಕಾಯ್ತೇನಿ. ಗಾಳಿ ಬಿಟ್ರ ಪರದೆ ಬಿಡತೇನಿ.”

“ಹ್ವಾದ ಸೋಮವಾರ?”

ಭರಮಪ್ಪ ನೆಲ ನೋಡಿದ. ಉತ್ತರ ಹಲಗೆಯ ಹಿಂದಿನಿಂದ ಸಾತವ್ವನದು ಬಂತು. “ಒಪ್ಪತ್ತ ಇರ್ತಾನ್ರಿ ಸೋಮವಾರ. ಅವತ್ತ ಮಧ್ಯಾಹ್ನದಾಗ ಎರಡೂ ಹೊತ್ತಿಂದು ಕೂಡೇ ಉಂಡಾ. ಅವನ ಗುಂಡೀನೂ ಬಂದ್ ಆತು.”

ಸಾತವ್ವನ ನಗೆ ಮುಗಿಯುವ ಮೊದಲೇ ಹೊರಗೆ ಜೀಪು ನಿಂತ ಸದ್ದಾಯಿತು. ಬಾಳಾಸಾಹೇಬರು ಒಳಗೆ ಬಂದರು. ಬಿಳಿ ಟೊಪ್ಪಿಗೆ, ಕಂಕುಳಲ್ಲಿ ಮುರಿದ ಎರಡು ಹಂಚು, ಸಾಕ್ಷಿಗೆ.

“ಹಾಂ ಮ್ಯಾಡಮ್. ಹೇಳ್ರಿ. ಹ್ವಾದ ಸೋಮವಾರ ನಿಮ್ಮ ಡಬ್ಬಿ ಎಲ್ಲಿ ಹೋಗಿದ್ವು? ಸಂತಿಗೆ?”

ಶೆಡ್ಡಿನಲ್ಲಿ ಕೆಲಸ ನಿಂತಿತು. ಮನಿಷಾ ಭರಮಪ್ಪನ ಕಡೆ ನೋಡಲಿಲ್ಲ. ಇದ್ದದ್ದು ಹೇಳಿದರೆ ಅವನ ಮುಕಾದಮಿಕೆ ಹೋಗುತ್ತದೆ. ಹೇಳದಿದ್ದರೆ ಡಬ್ಬಿಗಳು ಹೋಗುತ್ತವೆ, ಅವುಗಳ ಹಿಂದೆ ಪದವಿ, ಪದವಿಯ ಹಿಂದೆ ನೌಕರಿ. ಮುರಿದ ಹಂಚು ಅವರ ಕಂಕುಳಲ್ಲಿ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿತ್ತು.

“ಬಂದ್ ಇದ್ವು, ಸಾಹೇಬರ” ಎಂದಳು. “ಗುಂಡಿ ಹೊರಗ ಇಟ್ಟಾಕಿ ನಾನು. ಇಡಬಾರದಿತ್ತು.”

ತನ್ನನ್ನು ಉಳಿಸಲು ಆಡಿದ ಮಾತೆಂದು ಭರಮಪ್ಪನಿಗೆ ಹೊಳೆಯಲಿಲ್ಲ. ತನ್ನ ಪುಣ್ಯದ ಕೆಲಸವನ್ನು ಬೇರೆಯವರು ತಮ್ಮ ಹೆಸರಿಗೆ ಬರೆಸಿಕೊಳ್ಳುತ್ತಿದ್ದಾರೆಂದು ಅನ್ನಿಸಿತು. ಮುಂದೆ ಬಂದ. “ಅಲ್ಲರಿ ಮಾಲಕ, ಅಕ್ಕೋರಿಗೆ ಏನೂ ಗೊತ್ತಿಲ್ಲ. ಬಂದ್ ಮಾಡಿದಾಂವ ನಾನು. ಪ್ರತಿ ಸೋಮವಾರ ಮಾಡೇನಿ.”

“ಯಾಕೋ?”

“ಬಸವಣ್ಣನ ವಾರರಿ.”

“ಅರೇ ದೇವಾ!” ಬಾಳಾಸಾಹೇಬರು ಹಂಚು ಕೆಳಗಿಟ್ಟರು. “ಬಸವಣ್ಣ ಎತ್ತಿಗೋ! ಇದು ಡಬ್ಬಿ. ಸಾಬಾನದ ಡಬ್ಬಿ!”

“ದುಡೀತೈತಿಲ್ರಿ?”

ಬಾಳಾಸಾಹೇಬರು ಕೆಳಗಿಟ್ಟ ಹಂಚನ್ನು ಮತ್ತೆ ಎತ್ತಿ ತೋರಿಸಹೊರಟರು. ಅಷ್ಟರಲ್ಲಿ ಹಲಗೆಯ ಹಿಂದಿನಿಂದ ಸಾತವ್ವ ಬಹಳ ಮೆತ್ತಗೆ ಕೇಳಿದಳು. “ಮಾಲಕರ ಎತ್ತು ಇವತ್ತ ಹೊಲಕ್ಕ ಹ್ವಾದ್ವೇನ್ರಿ?”

ಮಾಲಕರ ಎರಡೂ ಜೋಡಿ ಎತ್ತು ಆ ಹೊತ್ತಿಗೆ ಕಾರ್ಖಾನೆಯ ಹಿಂದಿನ ದನದ ಮನೆಯಲ್ಲಿ ಮೈ ತೊಳೆಸಿಕೊಂಡು ಮೆಲುಕು ಹಾಕುತ್ತಿದ್ದವು. ಅವರಪ್ಪನ ಕಾಲದಿಂದ ಸೋಮವಾರ ಅವನ್ನು ಹೂಡಿದ್ದಿಲ್ಲ. ಇದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಸಾಹೇಬರಿಗೆ ಬೈಯಲು ಇನ್ನೊಂದು ದಾರಿ ಹುಡುಕಬೇಕಾಯಿತು.

“ಎತ್ತಿಗೆ ಸೋಮವಾರ, ಡಬ್ಬಿಗೆ ಸೋಮವಾರ. ಸೂಟಿ ಇಲ್ಲದಾಂವ ಈ ಖಾನಾಪುರದಾಗ ನಾ ಒಬ್ಬನ!”

“ನಾವೂ ಅದೇವ್ರಿ ಮಾಲಕ” ಎಂದಳು ಸಾತವ್ವ.

ನಗದೆ ಇರಲು ಅವರು ಟೊಪ್ಪಿಗೆ ತೆಗೆದು ಕೊಡವಿದರು. ಆಮೇಲೆ ತೀರ್ಪು ಕೊಟ್ಟರು. “ಮುಂದಿನ ಭಟ್ಟಿ ತನಕ ಇಡ್ರಿ. ಅದರಾಗ ಒಂದ ಸಾಲ ಸೀಳಿದ್ರೂ ಡಬ್ಬಿ ಬೆಳಗಾವಿಗೆ, ಈ ಭರಮ್ಯಾ ಅವರಪ್ಪನ ಕುರಿ ಕಾಯಾಕ. ಇಬ್ಬರೂ ತಿಳಕೋರಿ.” ಆಫೀಸಿಗೆ ಹೋಗಿ, ಬಾಗಿಲು ತೆರೆದೇ ಇಟ್ಟು, ಕೂತರು.

ಮನಿಷಾಳ ಚೀಲದಲ್ಲಿ ಸ್ಕ್ರೂಡ್ರೈವರು, ಬೆಸುಗೆ ಕಡ್ಡಿ, ತಂತಿ ಎಲ್ಲ ಇತ್ತು. ಗುಂಡಿಗಳನ್ನು ಕಿತ್ತು ಒಳಗಿನ ತಂತಿ ಬೆಸೆದುಬಿಟ್ಟರೆ ಮುಂದೆ ಯಾವ ದೇವರ ವಾರವೂ ಅವಕ್ಕೆ ತಾಕದು. ಮಧ್ಯಾಹ್ನದೊಳಗೆ ಮುಗಿಯುವ ಕೆಲಸ. ಗುಲಾಬಿ ಡಬ್ಬಿ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕೂತಳು. ಭರಮಪ್ಪ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಎತ್ತಿನ ಮೂಗಿಗೆ ದಾರ ಪೋಣಿಸುವುದನ್ನು ನೋಡುವವನ ಮುಖ ಮಾಡಿಕೊಂಡಿದ್ದ.

“ಇನ್ನ ಮುಟ್ಟೂದಿಲ್ಲರಿ ಅಕ್ಕೋರ. ಕೈ ತಡೀತೇನಿ. ಮನಸ್ಸೊಂದ ತಡ್ಯಾಕಾಗೂದಿಲ್ಲ.”

ಅವಳ ತಲೆಯಲ್ಲಿ ಬೇರೊಂದು ಮಾತು ಓಡುತ್ತಿತ್ತು. ಇಷ್ಟೊಂದು ಸೋಮವಾರ ಡಬ್ಬಿಗಳು ಮಲಗಿದ್ದವು. ಒಂದು ಸೋಮವಾರ ಬಿಟ್ಟರೆ ಹಂಚಿಗೆ ಏನೂ ಆಗಿರಲಿಲ್ಲ. ಹಂಚು ಅಷ್ಟು ನಿಧಾನ ಆರುವ ವಸ್ತು. ಡಬ್ಬಿ ಎಷ್ಟು ಕಡಿಮೆ ಮಲಗಿದರೆ ಸಾಕು ಎಂದು ತಾನು ಎರಡು ವರ್ಷ ಲೆಕ್ಕ ಹಾಕಿದ್ದಳು. ಎಷ್ಟು ಹೆಚ್ಚು ಮಲಗಿದರೂ ನಡೆಯುತ್ತದೆ ಎಂದು ಹಂಚಿನ ಕಡೆಯಿಂದ ಒಮ್ಮೆಯೂ ಕೇಳಿರಲಿಲ್ಲ. ಕೆಟ್ಟದ್ದು ಮಲಗಿದ್ದರಿಂದಲ್ಲ, ಎಲ್ಲವೂ ಒಟ್ಟಿಗೆ ಮಲಗಿದ್ದರಿಂದ. ಒಂದು ಸಾಲು ಮಲಗಿದರೆ ಪಕ್ಕದ ಸಾಲಿಗೆ ಅದೇ ಗಾಳಿ ತಾಕುತ್ತದೆ, ಅದು ಹೇಳೀತು.

“ಭರಮಪ್ಪ, ಸಾಲು ಏಳು. ವಾರ ಏಳು. ಒಂದ ಸಾಲಿಗೆ ಒಂದ ದಿನ ಸೂಟಿ ಕೊಟ್ರ?”

ಭರಮಪ್ಪ ತಲೆ ಅಲ್ಲಾಡಿಸಿದ. “ಮಂಗಳವಾರ ಎತ್ತ ಬಿಡಾಕ ಅದೇನ ಸರ್ಕಾರಿ ಆಫೀಸ ಏನ್ರಿ? ಬಸವಣ್ಣಂದು ಸೋಮವಾರ.”

“ಎತ್ತು ಬಸವಣ್ಣಂದು, ಖರೇ. ಆದ್ರ ಇವು ಎತ್ತಲ್ಲ. ಯಾವ ಡಬ್ಬಿ ಯಾವ ದೇವರಿಗೆ ನಡಕೋತದ ಅಂತ ಕೇಳೀರೇನು?”

ಈ ಪ್ರಶ್ನೆ ಕೇಳಿ ಹಂಚು ಹೊರುವವರೂ ಹತ್ತಿರ ಬಂದರು. ಭರಮಪ್ಪ ಗುಲಾಬಿ ಡಬ್ಬಿಯನ್ನು ಹೊಸದಾಗಿ ನೋಡುವಂತೆ ನೋಡಿದ. ಕೇಳಿರಲಿಲ್ಲ. ತಪ್ಪು ತನ್ನದೇ.

ಮುಂದಿನದು ಬೇಗ ಆಗಲಿಲ್ಲ. ನಡುವಿನ ಸಾಲು ಸೋಮವಾರಕ್ಕೆ, ಬಸವಣ್ಣನಿಗೆ, ತಕರಾರಿಲ್ಲ. ಮಂಗಳವಾರ ಲಕ್ಷ್ಮೀದೇವಿಗೆ. ಗುರುವಾರ ದತ್ತಾತ್ರೇಯನಿಗೆ. ಶುಕ್ರವಾರ ಎಲ್ಲವ್ವನಿಗೆಂದು ಸಾತವ್ವ ಮೂಡಲ ಗೋಡೆಯ ಸಾಲನ್ನೇ ಹಿಡಿದಳು, ಗಾಳಿಗೆ ಎದೆ ಕೊಡುವವಳು ಅವಳೇ ಎಂದು. ಶನಿವಾರ ಹನುಮಪ್ಪ. ರವಿವಾರ ಮೈಲಾರಲಿಂಗ, ತನ್ನ ಮನೆದೇವರಿಗೆ ಕಡೆಯ ಸಾಲು ಬಂತೆಂದು ಭರಮಪ್ಪ ಸ್ವಲ್ಪ ಹೊತ್ತು ಮುನಿದ. ಬುಧವಾರ ಮಾತ್ರ ಉಳಿಯಿತು. ಬುಧವಾರ ಯಾರದೆಂದು ಎಲ್ಲರೂ ಮುಖ ಮುಖ ನೋಡಿಕೊಳ್ಳುವಾಗ, ತೆರೆದ ಬಾಗಿಲಿಂದ ಬಾಳಾಸಾಹೇಬರ ದನಿ ಬಂತು.

“ವಿಠೋಬಾಂದು!”

ಎಲ್ಲ ಮುಗಿದ ಮೇಲೆ ಸಾತವ್ವ ಸಿಂಬಿ ಸುತ್ತಿಕೊಳ್ಳುತ್ತ ಕೇಳಿದಳು. “ನಿಮಗ ಯಾವ ವಾರ ಸೂಟಿರಿ ಅಕ್ಕೋರ?”

“ನಂದಿನ್ನೂ ನಕ್ಕಿ ಆಗಿಲ್ಲ” ಎಂದು ಮನಿಷಾ ಗುಂಡಿಗಳನ್ನು ಕೀಳದೆ ಹಾಗೇ ಬಿಟ್ಟು ಸ್ಕ್ರೂಡ್ರೈವರು ಚೀಲಕ್ಕೆ ಹಾಕಿದಳು.

ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಚನ್ನಬಸಯ್ಯ ಸರ್‌ಗೆ ಫೋನು ಮಾಡಿದಳು.

“ಸರ್, ಬಾಳಿಕಿ ಲೆಕ್ಕಾ ಮೀರಿಲ್ಲರಿ. ಲೆಕ್ಕದಷ್ಟ ಐತಿ.”

ಇದ್ದದ್ದೆಲ್ಲ ಹೇಳಿದಳು. ಬೂತಿನ ಮೀಟರು ಓಡುತ್ತಿತ್ತು.

“ಅಂದ್ರ” ಎಂದರು ಸರ್ ಕಡೆಗೆ, “ನಾವು ಇಡೀ ಡಿಪಾರ್ಟ್‌ಮೆಂಟಿನಾಗ ಪೇಢೆ ಹಂಚಿದ್ದು ಭರಮಪ್ಪನ ಸೋಮವಾರಕ್ಕ?”

“ಹೌದ್ರಿ ಸರ್.”

“ಶುಕ್ರವಾರ ಹಿಂಗ ಓದಿಬಿಟ್ರ ಯಾರಿಗೆ ಗೊತ್ತಾಗ್ತದ?” ಅವರ ದನಿ ಅರ್ಧ ತಮಾಷೆಯದು, ಅರ್ಧ ಅಲ್ಲ.

“ಸಾತವ್ವಗ ಗೊತ್ತೈತ್ರಿ ಸರ್. ಇಷ್ಟೊತ್ತಿಗೆ ಖಾನಾಪುರಕ್ಕೆಲ್ಲಾ ಗೊತ್ತಾಗಿರ್ತದ.”

ಸರ್ ನಿಟ್ಟುಸಿರು ಬಿಟ್ಟರು. “ತಲಿಬರಹ ಬದ್ಲಿ ಮಾಡು. ಪದವಿ ಒಂದ ಪರೀಕ್ಷೆ ಮುಂದ ಹೋಗ್ತದ, ಅಷ್ಟ ತಯಾರಿರು. ಹೊಸಾದಕ್ಕ ಹೊಸಾ ಅಂಕಿ ಬೇಕಲ್ಲ.” ಫೋನು ಇಡುವ ಮೊದಲು ಸೇರಿಸಿದರು, “ಎಲ್ಲವ್ವನ ಹೆಸರ ಹಾಕಬ್ಯಾಡ ಮತ್ತ.”

ಶುಕ್ರವಾರ ಮನಿಷಾ ಲೇಖನ ಓದಿದಳು. ಹಳೆಯ ಹೇಳಿಕೆ ತಪ್ಪಾಗಿತ್ತೆಂದು ಮೊದಲೇ ಹೇಳಿ, ಯಾಕೆ ತಪ್ಪಾಯಿತೆಂದೂ ಹೇಳಿ, ಡಬ್ಬಿಗಳು ಸರದಿಯ ಮೇಲೆ ಪೂರ್ತಿ ಒಂದು ದಿನ ಮಲಗುವ ಹೊಸ ಪದ್ಧತಿ ವಿವರಿಸಿದಳು. ಧಾರವಾಡದಿಂದ ಬಂದ ಒಬ್ಬರು ಎದ್ದು, ಸರದಿಗೆ ಏಳೇ ಗುಂಪು ಯಾಕೆ, ಆರು ಅಥವಾ ಎಂಟು ಯಾಕಲ್ಲ ಎಂದು ಕೇಳಿದರು. “ಸ್ಥಳೀಯ ಕಾರಣಗಳಿವೆ” ಎಂದಳು. ಮುಂದಿನ ಸಾಲಿನಲ್ಲಿ ಚನ್ನಬಸಯ್ಯ ಸರ್‌ಗೆ ಕೆಮ್ಮು ಬಂತು.

ಅದೇ ದಿನ ಖಾನಾಪುರದಲ್ಲಿ ಮೂಡಗಾಳಿ ಎದ್ದಿತ್ತು. ಶನಿವಾರ ಹೋದಾಗ ಅವಳಿಗೆ ಸಾತವ್ವ ವರದಿ ಕೊಟ್ಟಳು. ಎಲ್ಲವ್ವನ ಸಾಲು ಮೂಡಲ ಗೋಡೆಗೆ ಆತು ಮಲಗಿತ್ತು. ಮಂಗಳವಾರದ ಸಾಲು, ಲಕ್ಷ್ಮೀದೇವಿಯದು, ಪಕ್ಕದಿಂದ ಕೂಗಿತು. ಕಂಪ್ಯೂಟರು ಕಿರುಚಿತು. ಭರಮಪ್ಪ ಓಡಿದ, ಸಾತವ್ವ ಓಡಿದಳು, ಮಾಲಕರೂ ಒಂದು ತಟ್ಟಿನ ಹಗ್ಗ ಬಿಚ್ಚಿದರು. “ಹಗ್ಗಾ ಹಿಡ್ಯಾಕ ಬರಲಿಲ್ಲರಿ ಅವರಿಗೆ” ಎಂದಳು ಸಾತವ್ವ ಸಣ್ಣ ದನಿಯಲ್ಲಿ.

ಪರದೆ ಇಳಿದದ್ದು ಸಾಕಷ್ಟು ಬೇಗವೋ ತಡವೋ ಭಟ್ಟಿಯೇ ಹೇಳಬೇಕಿತ್ತು. ಹೊರಡುವಾಗ ಭರಮಪ್ಪ ಅವಳನ್ನು ಬೇಲಿಯವರೆಗೆ ಕಳಿಸಲು ಬಂದ. “ನಮ್ಮ ಅಪ್ಪನ ಕುರಿ ಈಗ ಎಷ್ಟೂ ಉಳದಿಲ್ಲರಿ. ಕಾಯಾಕ ಹ್ವಾದ್ರ ಅವು ನನ್ನ ನೋಡಿ ನಗ್ತಾವು” ಎಂದ. ನಗಲಿಲ್ಲ.

ಭಟ್ಟಿ ಬಿಚ್ಚುವ ದಿನ ಮನಿಷಾ ಮತ್ತೆ ಹೋದಳು. ಬಾಯಿಗೆ ಕಟ್ಟಿದ ಇಟ್ಟಿಗೆ ತೆಗೆದಾಗ ಒಳಗಿನಿಂದ ಬಿಸಿ ಉಸಿರು ಬಂತು. ಮೂಡಲ ಸಾಲುಗಳ ಹಂಚು ಮೊದಲು ತರಲು ಬಾಳಾಸಾಹೇಬರು ಹೇಳಿದ್ದರು. ಒಂದನ್ನು ಎಡಗೈ ಬೆರಳ ತುದಿಯಲ್ಲಿ ತೂಗಿ ಹಿಡಿದು ಬಲಗೈ ಗೆಣ್ಣಿನಿಂದ ಬಡಿದರು. ಟಣ್ ಎಂದಿತು. ಸೀಳಿದ ಹಂಚು ಹಾಗನ್ನುವುದಿಲ್ಲ. ಅದು ಒಡೆದ ಗಡಿಗೆಯಂತೆ ಬೊದ್ ಎನ್ನುತ್ತದೆ. ಇನ್ನೊಂದು. ಟಣ್. ಅವರು ಅಡಿಯಿಂದ ಒಂದು, ನಡುವಿನಿಂದ ಒಂದು, ಮೋಸ ಹಿಡಿಯುವವರಂತೆ ಎಳೆದೆಳೆದು ಬಡಿದರು. ಟಣ್, ಟಣ್. ಕಡೆಗೊಂದು ಬೊದ್ ಎಂದಿತು.

ಭರಮಪ್ಪ ಕಣ್ಣು ಮುಚ್ಚಿದ.

“ಇದು?” ಎಂದರು ಸಾಹೇಬರು, ಬಹಳ ಸಮಾಧಾನದಿಂದ.

“ಒಂದ ಹಂಚದು. ನೀವು ಒಂದ ಸಾಲ ಅಂದಿದ್ರಿ” ಎಂದಳು ಮನಿಷಾ. ತನ್ನ ದನಿ ಇಷ್ಟು ಗಟ್ಟಿ ಬಂದದ್ದು ಅವಳಿಗೇ ಹೊಸದಾಗಿತ್ತು.

ಬಾಳಾಸಾಹೇಬರು ಆ ಹಂಚನ್ನು ಪಕ್ಕಕ್ಕೆ ಇಟ್ಟರು. ಇನ್ನೂ ಹತ್ತಾರು ಬಡಿದರು. ಆಮೇಲೆ ಯಾರ ಮುಖವನ್ನೂ ನೋಡದೆ, ತಕರಾರು ಮಾಡುವ ದನಿಯಲ್ಲೇ ಹೇಳಿದರು. “ಹಿಂದಿನ ಶೆಡ್ಡಿನ ಹಂಚ ಏನ ಪಾಪಾ ಮಾಡ್ಯಾವು? ಇಲ್ಲಿಗಷ್ಟ ಡಬ್ಬಿ, ಅಲ್ಲಿಗೆ ಯಾಕಿಲ್ಲ? ಅಲ್ಲಿನೂ ಹಚ್ಚ್ರಿ.”

ಭರಮಪ್ಪ ಕಣ್ಣು ತೆರೆದ. ಮೊದಲು ನೆನಪಾದದ್ದು ಅವನಿಗೆ ಕುರಿಯಲ್ಲ. “ಅಲ್ಲಿ ಒಂಬತ್ತ ಸಾಲ ಅದಾವ್ರಿ ಮಾಲಕ. ವಾರ ಏಳ.”

“ಅಮಾಸಿ ಐತಿ, ಹುಣ್ಣಿಮಿ ಐತಿ” ಎಂದಳು ಸಾತವ್ವ. “ಅಮಾಸಿಗೂ ಎತ್ತ ಬಿಡ್ತಾರ.”

ಅಮಾವಾಸ್ಯೆ ತಿಂಗಳಿಗೊಂದೇ, ಆ ಸಾಲಿನ ಶೆಲ್ಲು ಉಳಿದವಕ್ಕಿಂತ ಮೊದಲು ತೀರುತ್ತದೆ ಎಂದು ಮನಿಷಾ ಹೇಳಹೊರಟಳು. ಅಷ್ಟರಲ್ಲಿ ಭಟ್ಟಿ ಖಾಲಿ ಮಾಡುವವರು ಸಾಲಾಗಿ ನಿಂತಿದ್ದರು, ಕೈಯಿಂದ ಕೈಗೆ ಹಂಚು ಬರತೊಡಗಿತ್ತು, ನಡುವೆ ಒಬ್ಬರ ಜಾಗ ಖಾಲಿ ಇತ್ತು. “ಮಾತ ಆಮ್ಯಾಲ, ಮೊದಲ ಇದನ್ನ ಹಿಡೀರಿ” ಎಂದು ಸಾತವ್ವ ಒಂದು ಹಂಚು ಚಾಚಿದಳು. ಮನಿಷಾ ಚೀಲ ಕೆಳಗಿಟ್ಟು ಸೆರಗು ಸಿಕ್ಕಿಸಿಕೊಂಡು ನಿಂತಳು. ಹಂಚು ಇನ್ನೂ ಬೆಚ್ಚಗಿತ್ತು. ಅದನ್ನು ಆಚೆಯ ಕೈಗೆ ದಾಟಿಸಿ, ಮತ್ತೊಂದಕ್ಕೆ ಈಚೆ ತಿರುಗಿದಳು.